ಕಚ್ಚುವ ಬಾಯಿಯ ಗ್ರೀಸ್ ಗನ್: ಎರಡು ವರ್ಷ ಬಳಸಿದ ಮೇಲೆ

ನನ್ನ ಪಿಕಪ್ ಟ್ರಕ್ ಕೆಳಗಿನ ಶಾಫ್ಟ್‌ನ ಜಾಯಿಂಟ್‌ಗಳಿಗೆ ಗ್ರೀಸ್ ತುಂಬೋಕೆ ಮೊದಲು ನಾಲ್ಕು ಕೈ ಬೇಕಿತ್ತು. ಒಂದು ಗ್ರೀಸ್ ಗನ್ ಹಿಡಿಯೋಕೆ, ಒಂದು ಲಿವರ್ ಒತ್ತೋಕೆ, ಒಂದು ಗನ್ನಿನ ಬಾಯಿಯನ್ನು ನಿಪ್ಪಲ್ (ಗ್ರೀಸ್ ಒಳಹೋಗುವ ಪುಟ್ಟ ಲೋಹದ ಮೂತಿ) ಮೇಲೆ ಅದುಮಿ ಹಿಡಿಯೋಕೆ, ಇನ್ನೊಂದು ಟಾರ್ಚ್‌ಗೆ. ನನಗಿರೋದು ಎರಡು. ಟ್ರಕ್ ಕೆಳಗೆ ಅಂಗಾತ ಮಲಗಿದಾಗ ಅದರಲ್ಲೊಂದು ಕಣ್ಣಿಗೆ ಉದುರಿದ ಮಣ್ಣು ಒರೆಸೋದಕ್ಕೇ ಹೋಗುತ್ತದೆ.

ಎರಡು ವರ್ಷದ ಹಿಂದೆ ಹೊಸ ಗ್ರೀಸ್ ಗನ್ ಸೆಟ್ ಕೊಂಡೆ. ಉದ್ದ ಲಿವರ್‌ನ ಕೈಗನ್, ಮೊಳದುದ್ದದ ಬಾಗುವ ಹೋಸ್, ಹೋಸ್ ತುದಿಗೆ ಹಾಕುವ ಬಾಯಿ ಅಂದರೆ ಮಾಮೂಲಿ ಕಪ್ಲರ್ ಒಂದು, ನಿಪ್ಪಲನ್ನು ಕಚ್ಚಿ ಹಿಡಿಯುವ ಲಾಕಿಂಗ್ ಕಪ್ಲರ್ ಒಂದು, ಸೂಜಿಮೂತಿಯ ಅಡಾಪ್ಟರ್ ಒಂದು. ಗನ್ ಬಗ್ಗೆ ಹೇಳೋದು ಸ್ವಲ್ಪವೇ ಇದೆ. ಲಾಕಿಂಗ್ ಕಪ್ಲರ್ ಬಗ್ಗೆ ಜಾಸ್ತಿ ಇದೆ. ಯಾಕೆ ಅಂತ ಹೇಳಬೇಕಾದರೆ ನನ್ನ ಹಳೆ ಕ್ರಾಸಿನ ಕಥೆ ಹೇಳಲೇಬೇಕು. ಕ್ರಾಸ್ ಅಂದರೆ ಶಾಫ್ಟ್ ಬಾಗಿ ತಿರುಗೋಕೆ ಜಾಯಿಂಟ್ ಒಳಗಿರುವ, ಕೂಡು ಗುರುತಿನ ಆಕಾರದ ನಾಲ್ಕು ಕಾಲಿನ ತುಂಡು. ಪ್ರತಿ ಕಾಲಿಗೂ ಒಂದೊಂದು ಬೇರಿಂಗ್ ಕಪ್.

ನನ್ನದು ಫೋರ್ ವೀಲ್ ಡ್ರೈವ್ ಪಿಕಪ್. ಎಂಜಿನ್ನಿನ ಬಲವನ್ನು ಚಕ್ರದ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳಲ್ಲಿ ಹಿಂದಿನದು ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್. ಅದರಲ್ಲಿ ಮೂರು ಕ್ರಾಸ್, ಒಂದು ಸ್ಲೈಡಿಂಗ್ ಯೋಕ್ (ಶಾಫ್ಟ್ ಉದ್ದ ಗಿಡ್ಡ ಆಗೋಕೆ ಒಳಗೆ ಹೊರಗೆ ಸರಿಯುವ ಕವಲು). ಮುಂದಿನ ಶಾಫ್ಟ್‌ನಲ್ಲಿ, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಕಡೆಗೆ ಡಬಲ್ ಜಾಯಿಂಟ್, ಅಂದರೆ ಎರಡು ಕ್ರಾಸ್, ಅವುಗಳ ನಡುವೆ ಒಂದು ಗುಂಡು. ಆಕ್ಸಲ್ ಕಡೆಗೆ ಇನ್ನೊಂದು ಕ್ರಾಸ್, ಮತ್ತೊಂದು ಸ್ಲೈಡಿಂಗ್ ಯೋಕ್. ಎಣಿಸಿದರೆ ಗ್ರೀಸ್ ಹೋಗಬೇಕಾದ ಜಾಗ ಒಂಬತ್ತು. ಗೊತ್ತಿದ್ದ ಜಾಗಕ್ಕೆಲ್ಲ ನಾನು ತಪ್ಪದೆ ಗ್ರೀಸ್ ಹಾಕುತ್ತಿದ್ದೆ. ಹಾಕುತ್ತಿದ್ದೆ ಅಂತ ಅಂದುಕೊಂಡಿದ್ದೆ.

ಒಂದು ದಿನ ನಿಧಾನವಾಗಿ ಹೋಗುತ್ತಿದ್ದಾಗ ಕೆಳಗಿನಿಂದ ಗುಬ್ಬಿ ಕೂಗಿದ ಹಾಗೆ ಚಿಂವ್ ಚಿಂವ್ ಸದ್ದು. ವೇಗ ಹೆಚ್ಚಿದರೆ ಗುಬ್ಬಿಗೂ ಅವಸರ. ಬ್ರೇಕ್ ಪ್ಯಾಡ್ ಇರಬೇಕು ಅಂತ ಅದನ್ನು ನೋಡಿದೆ, ಅದಲ್ಲ. ಕೆಲವು ವಾರ ಕಳೆದ ಮೇಲೆ ಗುಬ್ಬಿ ಸುಮ್ಮನಾಯಿತು. ಅದರ ಬದಲು ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ‘ಠಣ್’ ಅಂತ ಒಂದು ಪೆಟ್ಟು. ಶಾಫ್ಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿ ನೋಡಿದರೆ, ಡಿಫರೆನ್ಶಿಯಲ್ ಕಡೆಯ ಕ್ರಾಸ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇತ್ತು.

ಕ್ರಾಸ್ ಬದಲಿಸಿಕೊಟ್ಟ ಮೆಕ್ಯಾನಿಕ್ ಹಳೆಯದನ್ನು ನನ್ನ ಕೈಯಲ್ಲಿಟ್ಟು, “ನೀವೇ ನೋಡಿ ಸಾರ್. ಮೂರು ಕಾಲಿಗೆ ಊಟ ಸಿಕ್ಕಿದೆ, ಒಂದು ಕಾಲು ಉಪವಾಸ” ಅಂದರು. ನೋಡಿದೆ. ಮೂರು ಕಾಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ನಾಲ್ಕನೆಯದರ ಕಪ್‌ನೊಳಗೆ ಗ್ರೀಸ್ ಅನ್ನುವುದೇ ಇರಲಿಲ್ಲ. ನುಣ್ಣಗೆ ಅರೆದ ಇಟ್ಟಿಗೆಯಂಥ ಕೆಂಪು ಪುಡಿ ಇತ್ತು. ಒಳಗಿನ ಸೂಜಿ ಬೇರಿಂಗ್‌ಗಳು ಒಣಗಿ, ಒಂದೇ ಜಾಗದಲ್ಲಿ ಅಲ್ಲಾಡಿ ಅಲ್ಲಾಡಿ, ಕ್ರಾಸಿನ ಕಾಲಿನ ಮೇಲೆ ತಮ್ಮದೇ ಗೆರೆ ಕೊರೆದಿದ್ದವು. ಉಗುರು ಆಡಿಸಿದರೆ ಬಾಚಣಿಗೆ ಹಲ್ಲಿನ ಮೇಲೆ ಆಡಿಸಿದ ಹಾಗೆ ಟಿಕ್ ಟಿಕ್ ಅಂತ ತಡೆಯುತ್ತಿತ್ತು. ಆ ಕ್ರಾಸ್ ಇವತ್ತಿಗೂ ನನ್ನ ಟೂಲ್ ಬಾಕ್ಸ್‌ನಲ್ಲಿದೆ.

ಆಗಿದ್ದು ಏನೆಂದರೆ, ಹಳೆ ಗನ್ನಿನ ಬಾಯಿ ಸಡಿಲ. ಎರಡು ಸಲ ಒತ್ತಿದರೆ ಒಂದು ಸಲದ ಗ್ರೀಸ್ ನಿಪ್ಪಲ್ ಸುತ್ತ ಹೊರಗೆ ಬರುತ್ತಿತ್ತು. ಹೊರಗೆ ಗ್ರೀಸ್ ಕಂಡ ಕೂಡಲೇ ತುಂಬಿತು ಅಂತ ನಾನು ಮುಂದಿನದಕ್ಕೆ ಹೋಗುತ್ತಿದ್ದೆ. ಜಾಯಿಂಟ್ ಹೊರಗೆ ಮದುಮಗನ ಹಾಗೆ ಮಿಂಚುತ್ತಿತ್ತು. ಒಳಗೆ ಬರಗಾಲ.

ಕ್ರಾಸಿನ ಒಳಗೆ ನಾಲ್ಕು ಕಡೆಗೂ ತೂತು ಕೊರೆದಿರುತ್ತಾರೆ. ನಿಪ್ಪಲ್‌ನಿಂದ ಹೋದ ಗ್ರೀಸ್ ಆ ನಾಲ್ಕು ದಾರಿಯಲ್ಲಿ ಯಾವುದು ಸುಲಭವೋ ಅದನ್ನು ಹಿಡಿಯುತ್ತದೆ. ಒತ್ತಡ ಬಿದ್ದು ಬಿಗಿಯಾಗಿರುವ ಕಪ್‌ಗೆ ಅದು ಹೋಗಬೇಕಾದರೆ ಹಿಂದಿನಿಂದ ಚೆನ್ನಾಗಿ ನೂಕಬೇಕು. ಬಾಯಿಯೇ ಸೋರುತ್ತಿದ್ದರೆ ನೂಕುವುದು ಯಾರು?

ಹಾಗಾಗಿ ಲಾಕಿಂಗ್ ಕಪ್ಲರ್. ನೋಡೋಕೆ ಮಾಮೂಲಿ ಕಪ್ಲರ್‌ಗಿಂತ ದಪ್ಪ, ಪಕ್ಕದಲ್ಲಿ ಒಂದು ಚಿಕ್ಕ ಹಿಡಿ. ಹಿಡಿ ಒತ್ತಿದರೆ ಒಳಗಿನ ದವಡೆಗಳು ತೆರೆದುಕೊಳ್ಳುತ್ತವೆ. ನಿಪ್ಪಲ್ ಮೇಲೆ ಕೂರಿಸಿ ಹಿಡಿ ಬಿಟ್ಟರೆ ನಿಪ್ಪಲ್‌ನ ಕುತ್ತಿಗೆಯನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ಕೈ ಬಿಡಬಹುದು. ಗನ್ ಎದೆ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಲಿವರ್, ಇನ್ನೊಂದರಲ್ಲಿ ಟಾರ್ಚ್. ಮೊದಲ ಸಲ ಹೀಗೆ ಕೈ ಬಿಟ್ಟು ನೋಡಿದಾಗ, ಯಾರೋ ಇನ್ನೊಬ್ಬರು ಬಂದು ಹಿಡಿದುಕೊಂಡ ಹಾಗೆ ಅನ್ನಿಸಿತು.

ಈಗ ಗ್ರೀಸ್ ಎಲ್ಲಿಂದ ಬರುತ್ತಿದೆ ಅಂತ ನೋಡೋಕೆ ಪುರುಸೊತ್ತು ಸಿಗುತ್ತದೆ. ದೊಡ್ಡ ಲಾಭ ಇದೇ. ಇಂಥ ಕ್ರಾಸ್‌ಗೆ ನಾಲ್ಕೂ ಕಪ್‌ನ ಸೀಲ್‌ನಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಬೇಕು. ಮೊದಲು ಕಪ್ಪಗೆ ಹಳೆಯದು ಬರುತ್ತದೆ, ನೀರು ಹೊಕ್ಕಿದ್ದರೆ ಬೂದು ಬಣ್ಣದ್ದು. ಅದರ ಹಿಂದೆ ಹೊಸದರ ಬಣ್ಣ. ಮೂರು ಕಡೆ ಬಂದು ಒಂದು ಕಡೆ ಬರದಿದ್ದರೆ ಸುಮ್ನೆ ಒತ್ತುತ್ತಾ ಹೋದರೆ ಪ್ರಯೋಜನ ಇಲ್ಲ, ಬರುತ್ತಿರುವ ಕಡೆಯಿಂದಲೇ ಇನ್ನಷ್ಟು ಬರುತ್ತದೆ. ಆ ಕಪ್ ಮೇಲಿನ ಭಾರ ತೆಗೆಯಬೇಕು. ನಾನು ಶಾಫ್ಟನ್ನು ಕೈಯಲ್ಲಿ ಆ ಕಡೆ ಈ ಕಡೆ ತಿರುಚಿ ಹಿಡಿದು ಒಂದೆರಡು ಸಲ ಲಿವರ್ ಒತ್ತುತ್ತೇನೆ. ಅದಕ್ಕೂ ಬಗ್ಗದಿದ್ದರೆ ಮರದ ಹಿಡಿ ಕೊಟ್ಟು ಶಾಫ್ಟನ್ನು ಆ ಕಪ್‌ನಿಂದ ದೂರಕ್ಕೆ ತುಸು ಮೀಟಿ ಒತ್ತುತ್ತೇನೆ. ‘ಪಿಚಕ್’ ಅಂತ ಒಂದು ಸಣ್ಣ ಸದ್ದು, ಸೀಲ್ ಅಂಚಿನಲ್ಲಿ ದಾರದಂಥ ಗ್ರೀಸ್. ಆ ದಾರ ಕಂಡರೆ ನನಗೆ ಈಗಲೂ ಖುಷಿ. ಗನ್ ಎದೆ ಮೇಲಿಲ್ಲದೆ ಕೈಯಲ್ಲೇ ಇದ್ದಿದ್ದರೆ ಈ ಮೀಟುವ ಕೆಲಸ ಒಬ್ಬನಿಂದ ಆಗುತ್ತಿರಲಿಲ್ಲ.

ಟ್ರಕ್ ಕೆಳಗೆ ಹೋಗುವ ಮೊದಲಿನ ಮಾತು. ಸಮತಟ್ಟು ನೆಲ, ಚಕ್ರದ ಹಿಂದೆ ಮುಂದೆ ಮರದ ತುಂಡು, ಎಂಜಿನ್ ಆಫ್, ಕೀ ಜೇಬಿನಲ್ಲಿ. ನಿಪ್ಪಲ್ ಮೇಲ್ಮುಖ ಆಗಿ ಗಾಡಿಯ ತಳಕ್ಕೆ ಅಂಟಿಕೊಂಡಿದ್ದರೆ ಶಾಫ್ಟ್ ತಿರುಗಬೇಕು. ಹೊರಗೆ ಬಂದು, ನ್ಯೂಟ್ರಲ್ ಮಾಡಿ, ಮರದ ತುಂಡು ಸರಿಸಿ, ಟ್ರಕ್ಕನ್ನು ಒಂದು ಗೇಣು ತಳ್ಳಿ, ಮತ್ತೆ ಮರ ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆದೇ ಒಳಗೆ ಹೋಗಬೇಕು. ಬೇಸರದ ಕೆಲಸ. ಆದರೆ ಕೆಳಗೆ ಮಲಗಿ ಯಾರಿಗಾದರೂ “ಸ್ವಲ್ಪ ತಳ್ಳಿ” ಅನ್ನೋದು ಬೇಡವೇ ಬೇಡ.

ಈ ಸೆಟ್‌ನಿಂದಲೇ ಆದ ಒಂದು ಎಡವಟ್ಟು ಹೇಳಬೇಕು. ತಪ್ಪು ನನ್ನದು, ಗನ್ನಿನದಲ್ಲ. ಕ್ರಾಸ್‌ಗಳಿಗೆ ಹಾಕಿ ಮುಗಿಸಿ, ಹುಮ್ಮಸ್ಸಿನಲ್ಲಿ ಹಿಂದಿನ ಸ್ಲೈಡಿಂಗ್ ಯೋಕ್‌ಗೂ ಕಚ್ಚಿಸಿದೆ. ಇಲ್ಲೂ ಹೊರಗೆ ಬರೋ ತನಕ ಒತ್ತಬೇಕು ಅಂದುಕೊಂಡು ಒತ್ತಿದೆ, ಒತ್ತಿದೆ. ಗ್ರೀಸ್ ಹೊರಗೆ ಬರಲೇ ಇಲ್ಲ. ಟಾರ್ಚ್ ಹಿಡಿದು ನೋಡಿದರೆ, ಯೋಕ್‌ನ ಅಂಚಿನಲ್ಲಿ ಮೊದಲು ಕಾಣದಿದ್ದ ಹೊಳೆಯುವ ಲೋಹದ ಪಟ್ಟಿ ಬೆರಳಗಲ ಹೊರಗೆ ಬಂದಿದೆ. ಗ್ರೀಸ್ ಒಳಗಿನ ಪೊಳ್ಳು ತುಂಬಿ ಶಾಫ್ಟನ್ನೇ ಉದ್ದ ಮಾಡುತ್ತಿತ್ತು! ಗುಂಡಿಗೆ ಬಿದ್ದು ಸ್ಪ್ರಿಂಗ್ ಒತ್ತಿದಾಗ ಶಾಫ್ಟ್ ಒಳಕ್ಕೆ ಸರಿಯಬೇಕು, ಅದಕ್ಕೇ ಅಲ್ಲಿ ಸ್ಪ್ಲೈನ್ (ಒಂದರೊಳಗೊಂದು ಜಾರುವ ಉದ್ದುದ್ದ ಹಲ್ಲು) ಇಟ್ಟಿರೋದು. ಒಳಗೆ ಗ್ರೀಸ್ ಗಟ್ಟಿಯಾಗಿ ತುಂಬಿದ್ದರೆ ಸರಿಯೋಕೆ ಜಾಗ ಎಲ್ಲಿ? ಆ ಪೆಟ್ಟೆಲ್ಲ ಎರಡೂ ತುದಿಯ ಬೇರಿಂಗ್‌ಗೆ. ನಿಪ್ಪಲ್ ಬಿಚ್ಚಿ, ಹೊರಗೆ ಬಂದು ಟ್ರಕ್ಕಿನ ಹಿಂಭಾಗ ಹತ್ತಿ ಕುಣಿದೆ. ಟೂತ್‌ಪೇಸ್ಟ್ ಥರ ಗೇಣುದ್ದ ಗ್ರೀಸ್ ಹೊರಗೆ ಬಿತ್ತು. ಈಗ ಸ್ಲೈಡಿಂಗ್‌ಗೆ ಎರಡೋ ಮೂರೋ ಸಲ ಒತ್ತುತ್ತೇನೆ, ಶಾಫ್ಟ್ ಕದಲುವ ಸೂಚನೆ ಕಂಡರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಗ್ರೀಸ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಗಾಡಿಯ ಪುಸ್ತಕದಲ್ಲಿ ಕ್ರಾಸ್‌ಗಳಿಗೆ ಲಿಥಿಯಂ ಗ್ರೀಸ್, ಎನ್‌ಎಲ್‌ಜಿಐ (ಅಮೆರಿಕದ ಗ್ರೀಸ್ ಸಂಸ್ಥೆ) ನಂಬರ್ 2. ಸ್ಲೈಡಿಂಗ್ ಮತ್ತು ಡಬಲ್ ಜಾಯಿಂಟ್‌ಗೆ ಅದೇ 2ನೇ ನಂಬರ್, ಆದರೆ ಮಾಲಿಬ್ಡಿನಂ ಸೇರಿದ್ದು. ಈ ನಂಬರ್ ಗುಣಮಟ್ಟದ್ದಲ್ಲ, ಗಟ್ಟಿತನದ್ದು. 000ದಿಂದ ಶುರುವಾಗಿ 6ರ ತನಕ ಇದೆ. 25 ಡಿಗ್ರಿ ಬಿಸಿಯಲ್ಲಿ, ಚೆನ್ನಾಗಿ ಕಲಸಿದ ಗ್ರೀಸ್‌ಗೆ ಒಂದು ಲೋಹದ ಶಂಕು ಬಿಟ್ಟು ಎಷ್ಟು ಇಳಿಯುತ್ತದೆ ಅಂತ ಅಳೆಯುತ್ತಾರೆ. 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2ನೇ ನಂಬರ್. ಬಣ್ಣ ನೋಡಿ ಗ್ರೀಸ್ ಕೊಳ್ಳಬೇಡಿ. ನೀಲಿ, ಕೆಂಪು ಎಲ್ಲ ಬರೀ ಬಣ್ಣ. ಡಬ್ಬದ ಮೇಲೆ ಯಾವ ಸೋಪಿನ (ಎಣ್ಣೆಯನ್ನು ಗಟ್ಟಿ ಮಾಡುವ ವಸ್ತು) ಗ್ರೀಸ್ ಅಂತ ಬರೆದಿರುತ್ತದೆ, ಅದನ್ನು ಓದಿ. ಲಿಥಿಯಂ ಇದ್ದ ಜಾಗಕ್ಕೆ ಪಾಲಿಯೂರಿಯಾವನ್ನೋ ಜೇಡಿಮಣ್ಣಿನ ಗ್ರೀಸನ್ನೋ ತುಂಬಿದರೆ ಎರಡೂ ಹೊಂದದೆ ತೆಳ್ಳಗಾಗಿ ಹರಿದುಹೋಗಬಹುದು.

ಎರಡು ಥರದ ಗ್ರೀಸ್ ಅಂದರೆ ಎರಡು ಗನ್. ಸೋರುತ್ತಿದ್ದ ನನ್ನ ಹಳೆ ಗನ್‌ಗೆ ಹೊಸ ಬಾಯಿ ಹಾಕಿ, ಕಪ್ಪು ಟೇಪ್ ಸುತ್ತಿ, ಮಾಲಿಬ್ಡಿನಂಗೆ ಇಟ್ಟುಕೊಂಡೆ. ಗನ್ನೇ ಕೆಟ್ಟದ್ದು ಅಂತ ಬೈಯುತ್ತಿದ್ದೆ. ಬಾಯಿ ಬದಲಿಸಿದ ಮೇಲೆ ಪಾಪ, ಚೆನ್ನಾಗೇ ಕೆಲಸ ಮಾಡುತ್ತಿದೆ.

ಡಬಲ್ ಜಾಯಿಂಟ್‌ನ ನಡುವಿನ ಗುಂಡಿಗೆ ಸೂಜಿಮೂತಿ ಬೇಕೇ ಬೇಕು. ಅಲ್ಲಿರೋದು ಉಬ್ಬಿದ ನಿಪ್ಪಲ್ ಅಲ್ಲ, ಮಟ್ಟಸವಾಗಿ ಕೂತ ಚಿಕ್ಕ ಕುಳಿ. ಎರಡು ಯೋಕ್‌ಗಳ ನಡುವಿನ ಸಂದಿಯಲ್ಲಿ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಎಷ್ಟೋ ಜನಕ್ಕೆ ಅಲ್ಲೊಂದು ಗ್ರೀಸ್ ಹಾಕುವ ಜಾಗ ಇದೆ ಅಂತಲೇ ಗೊತ್ತಿಲ್ಲ. ನನಗೂ ಮೂರು ವರ್ಷ ಗೊತ್ತಿರಲಿಲ್ಲ. ಸೆಟ್‌ನಲ್ಲಿ ಬಂದ ಸೂಜಿಮೂತಿ ಪರವಾಗಿಲ್ಲ, ಆದರೆ ತುದಿ ಮೆತ್ತಗಿನ ಲೋಹ. ಓರೆಯಾಗಿ ಒತ್ತಿದರೆ ಬಾಗುತ್ತದೆ. ನನ್ನದು ಆಗಲೇ ಬಾಗಿದೆ.

ಇನ್ನು ಗನ್ನಿನ ಗುಣ ದೋಷ. ಒಂದು ಸಲ ಒತ್ತಿದರೆ ಎಷ್ಟು ಬರುತ್ತದೆ ಅಂತ ಡಬ್ಬದ ಮೇಲೆ ಬರೆದಿರಲಿಲ್ಲ. ಹತ್ತು ಸಲ ಕಾಗದದ ಮೇಲೆ ಒತ್ತಿ ತೂಗಿದೆ, 11 ಗ್ರಾಂ. ಅಂದರೆ 400 ಗ್ರಾಂನ ಕಾರ್ಟ್ರಿಜ್ (ಗನ್ನೊಳಗೆ ಹಾಕುವ ಗ್ರೀಸ್ ಕೊಳವೆ) ಮುನ್ನೂರ ಐವತ್ತಕ್ಕೂ ಹೆಚ್ಚು ಸಲ ಬರಬೇಕು. ನನ್ನ ಒಂದು ಸುತ್ತಿಗೆ ಮೂವತ್ತೈದು ನಲವತ್ತು ಒತ್ತು ಸಾಕು. ನಿಮ್ಮ ಗನ್ ಬೇರೆ ಇದ್ದರೆ ನೀವೂ ಒಮ್ಮೆ ತೂಗಿ ನೋಡಿ. ಲಿವರ್ ಹಗುರ, ಹಿಡಿತ ಚೆನ್ನಾಗಿದೆ, ರಬ್ಬರ್ ಕವಚ ಗ್ರೀಸ್ ಕೈಗೂ ಜಾರುವುದಿಲ್ಲ.

ಕಾಟ ಕೊಟ್ಟಿದ್ದು ಕಾರ್ಟ್ರಿಜ್ ಬದಲಿಸಿದಾಗ. ಗಾಳಿ ಸಿಕ್ಕಿಕೊಂಡು ಎಷ್ಟು ಒತ್ತಿದರೂ ಏನೂ ಬರಲಿಲ್ಲ. ತಲೆಯ ಬಳಿ ಗಾಳಿ ಬಿಡುವ ಚಿಕ್ಕ ವಾಲ್ವ್ ಇದೆ, ಅದನ್ನು ಒತ್ತಿ ಹಿಡಿದು ಹಿಂದಿನ ರಾಡ್ ನೂಕಿದರೆ ‘ಫುಸ್’ ಅಂದು ಸರಿಹೋಗುತ್ತದೆ. ಇನ್ನೊಂದು, ಕೆಲಸ ಮುಗಿದ ಮೇಲೆ ಹಾಗೇ ಮೂಲೆಯಲ್ಲಿ ನಿಲ್ಲಿಸಿದರೆ ಒಳಗಿನ ಸ್ಪ್ರಿಂಗ್ ಗ್ರೀಸನ್ನು ಅದುಮುತ್ತಲೇ ಇರುತ್ತದೆ. ಗ್ರೀಸ್‌ನಿಂದ ಎಣ್ಣೆ ಬೇರೆಯಾಗಿ ನೆಲದ ಮೇಲೆ ತೊಟ್ಟಿಕ್ಕುತ್ತದೆ. ರಾಡ್ ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿ ಇಡಬೇಕು. ಇದನ್ನು ನಾನು ಕಲಿತದ್ದು ಕಪಾಟಿನ ಎರಡು ಹಲಗೆ ಒರೆಸಿದ ಮೇಲೆ.

ಲಾಕಿಂಗ್ ಕಪ್ಲರ್‌ಗೂ ಎರಡು ಊನ ಇವೆ. ದಪ್ಪ ಆಗಿರೋದರಿಂದ ಯೋಕ್‌ನ ಕಿವಿಗಳ ನಡುವೆ ಹುದುಗಿರುವ ನಿಪ್ಪಲ್‌ಗೆ ನೇರ ಹೋಗುವುದಿಲ್ಲ. ನನ್ನ ಒಂಬತ್ತರಲ್ಲಿ ಒಂದು ಹಾಗಿದೆ, ಅಲ್ಲಿ ಮಾಮೂಲಿ ಕಪ್ಲರ್ ಬಳಸಿ ಹಳೆ ಕಾಲದ ಹಾಗೆ ಗುದ್ದಾಡುತ್ತೇನೆ. ಎರಡನೆಯದು, ನಿಪ್ಪಲ್ ಕಟ್ಟಿಕೊಂಡಿದ್ದರೆ ಹೋಸ್‌ನಲ್ಲಿ ಒತ್ತಡ ಹಾಗೇ ಉಳಿದು ದವಡೆ ಬಿಡುವುದೇ ಇಲ್ಲ. ಮೊದಲ ಸಲ ಹೀಗಾದಾಗ ಅರ್ಧ ಗಂಟೆ ಟ್ರಕ್ ಕೆಳಗೆ ಬಂದಿ. ಕಪ್ಲರನ್ನು ಮೆಲ್ಲಗೆ ಓರೆ ಮಾಡಿದರೆ ಒತ್ತಡ ಸಂದಿಯಿಂದ ಹೊರಟುಹೋಗುತ್ತದೆ, ಆಮೇಲೆ ಹಿಡಿ ಒತ್ತಿದರೆ ಬಿಡುತ್ತದೆ. ಆಗ ಮುಖ ಆ ಕಡೆ ತಿರುಗಿಸಿ, ಕನ್ನಡಕ ಇರಲಿ.

ಈ ಒತ್ತಡದ ಬಗ್ಗೆ ಒಂದು ಮಾತು ಗಂಭೀರವಾಗಿ. ಕೈಗನ್ ಅಂತ ಹಗುರವಾಗಿ ನೋಡಬೇಡಿ. ಲಿವರ್ ಗನ್‌ಗಳು ಚದರ ಇಂಚಿಗೆ ಸಾವಿರಾರು ಪೌಂಡ್ ಒತ್ತಡ ಎಬ್ಬಿಸುತ್ತವೆ. ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೂ ಗ್ರೀಸ್ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಕಾಣೋದು ಸೊಳ್ಳೆ ಕಚ್ಚಿದಷ್ಟು ಗುರುತು, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಆದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ತೊಳೆದುಕೊಂಡು ಮಲಗುವುದಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ “ಗ್ರೀಸ್ ಒಳಗೆ ಹೋಗಿದೆ” ಅಂತ ಹೇಳಬೇಕು. ನಾನು ಒತ್ತುವಾಗ ಹೋಸ್ ಹಿಡಿಯುವುದಿಲ್ಲ. ಲಾಕಿಂಗ್ ಕಪ್ಲರ್ ಇದ್ದರೆ ಹಿಡಿಯುವ ಅಗತ್ಯವೂ ಇಲ್ಲ. ಸೆಟ್‌ನ ಹೋಸ್ ವರ್ಷಕ್ಕೇ ಲೋಹದ ತುದಿಯ ಬಳಿ ಬಿರುಕು ಬಿಟ್ಟಿತು. ಸ್ಪ್ರಿಂಗ್ ಸುತ್ತಿದ, ಒತ್ತಡದ ಅಂಕಿ ಅಚ್ಚೊತ್ತಿದ ಬೇರೆ ಹೋಸ್ ಹಾಕಿಕೊಂಡೆ. ಗನ್ನಿನ ಅಂಕ ಕಡಿಮೆಯಾಗಿದ್ದು ಇದಕ್ಕೇ.

ನಿಪ್ಪಲ್ ಒರೆಸದೆ ಕಚ್ಚಿಸಿದರೆ ಎಂಥ ಕಪ್ಲರ್ ಇದ್ದರೂ ದಂಡ. ನಿಪ್ಪಲ್ ಬಾಯಲ್ಲಿರುವ ಮರಳು ಗ್ರೀಸ್ ಜೊತೆಗೇ ಸೂಜಿ ಬೇರಿಂಗ್‌ಗೆ ಹೋಗುತ್ತದೆ, ನೀವೇ ಕೈಯಾರೆ ಲೋಹ ಉಜ್ಜುವ ಎಮರಿ ಪುಡಿ ತುಂಬಿದ ಹಾಗೆ. ತುದಿಯ ಚಿಕ್ಕ ಗುಂಡನ್ನು ಮೊಳೆಯಿಂದ ಒತ್ತಿ ನೋಡಿ, ಒಳಗೆ ಹೋಗಿ ಪುಟಿದು ಬರಬೇಕು. ಬರದಿದ್ದರೆ ನಿಪ್ಪಲ್ ಬದಲಿಸಿ, ಸಿಗರೇಟಿನ ಫಿಲ್ಟರಿನಷ್ಟೂ ಇಲ್ಲದ ವಸ್ತು ಅದು. ಕೊಳ್ಳುವ ಮುಂಚೆ ಮರೆ (ತಿರುಪಿನ ಥ್ರೆಡ್) ಅಳತೆ ನೋಡಿಕೊಳ್ಳಿ. ನನ್ನದಕ್ಕೆ 6 ಮಿಲಿಮೀಟರ್, ಬೇರೆ ಗಾಡಿಗಳಲ್ಲಿ 8 ಕೂಡ ಇರುತ್ತದೆ.

ನಿಮ್ಮ ಪಿಕಪ್‌ನ ಕ್ರಾಸ್‌ಗಳಲ್ಲಿ ನಿಪ್ಪಲ್ಲೇ ಇಲ್ಲದಿದ್ದರೆ ಈ ಸೆಟ್ ನಿಮಗಲ್ಲ. ಸೀಲ್ ಮಾಡಿದ ಕ್ರಾಸ್ ಕೀಳೇನಲ್ಲ. ಒಳಗೆ ತೂತು ಕೊರೆಯದೆ ಇರೋದರಿಂದ ಅದು ಗಟ್ಟಿ. ಆದರೆ ನೀರು ಹೊಕ್ಕರೆ ಹೊರಗೆ ತಳ್ಳುವ ದಾರಿ ಇಲ್ಲ. ನಾನು ನೀರು ದಾಟುವವನು, ಅದಕ್ಕೇ ಕ್ರಾಸ್ ಬದಲಿಸುವಾಗ ನಿಪ್ಪಲ್ ಇರುವುದನ್ನೇ ಹಾಕಿಸಿದೆ. ಶಾಫ್ಟ್ ಬಿಚ್ಚುವ ಮೊದಲು ಮೆಕ್ಯಾನಿಕ್ ಎರಡೂ ಕಡೆ ಸುಣ್ಣದಲ್ಲಿ ಗುರುತು ಹಾಕಿದ್ದನ್ನೂ ನೋಡಿದೆ. ಸ್ಪ್ಲೈನ್‌ನ ಒಂದು ಹಲ್ಲು ಆಚೀಚೆ ಕೂರಿಸಿದರೂ ಒಂದು ಕ್ರಾಸಿನ ಕುಲುಕಾಟವನ್ನು ಇನ್ನೊಂದು ಸರಿಯಾಗಿ ಕಳೆಯುವುದಿಲ್ಲ, ಗಾಡಿ ನಡುಗುತ್ತದೆ.

ನನ್ನ ಪುಸ್ತಕ ಹೇಳೋದು 10,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ನಾನು ಶಾಫ್ಟ್ ಮುಳುಗುವಷ್ಟು ನೀರು ದಾಟಿದ ಮಾರನೆ ದಿನವೂ ಹಾಕುತ್ತೇನೆ. ಮೊದಲು ಇದಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಅದಕ್ಕೇ ಮುಂದಿನ ವಾರ, ಮುಂದಿನ ವಾರ ಅಂತ ತಳ್ಳುತ್ತಿದ್ದೆ. ಈಗ ಮೂವತ್ತೈದು ನಿಮಿಷ, ಬಟ್ಟೆ ಬದಲಿಸೋದೂ ಸೇರಿ.

ಗನ್‌ಗೆ ಐದಕ್ಕೆ ಮೂರು. ಸೂಜಿಮೂತಿಗೆ ಎರಡೂವರೆ. ಲಾಕಿಂಗ್ ಕಪ್ಲರ್‌ಗೆ ನಾಲ್ಕೂವರೆ. ನಿಮ್ಮಲ್ಲಿ ಆಗಲೇ ಗನ್ ಇದ್ದರೆ ಸೆಟ್ ಬೇಡ, ಕಪ್ಲರ್ ಒಂದನ್ನೇ ಕೊಳ್ಳಿ, ಹೋಸ್ ತುದಿಯ ಮರೆ ಹೊಂದುತ್ತದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಕಡಿಮೆ ಮಾಡಿದ ಆ ಅರ್ಧ ಅಂಕ, ಓರೆ ಮಾಡಿದರೆ ಬಿಡುತ್ತದೆ ಅನ್ನೋ ಒಂದು ಸಾಲನ್ನು ಡಬ್ಬದ ಮೇಲೆ ಬರೆಯದೆ ನನ್ನನ್ನು ಅರ್ಧ ಗಂಟೆ ಮಲಗಿಸಿದ್ದಕ್ಕೆ.